ಚಂದ್ರನ ಅಂಗಿ ತೊಡಿಸುವ ಕೆಲಸ

ಯಾರಿಗಾದರೂ ಚಂದ್ರಲೋಕದ ಉಡುಪು ತೊಡಿಸುವುದಕ್ಕೆ ಮೊದಲು, "ಹೋಗಿ ಒಂದಕ್ಕೆ ಮುಗಿಸಿಕೊಂಡು ಬಾಪ್ಪ" ಎಂದು ಹೇಳಬೇಕು. ನನ್ನ ನೌಕರಿಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಮುದ್ದೆ ಉಂಡ ತಕ್ಷಣ ತೊಡಿಸಬಾರದು ಎನ್ನುವುದು ಎರಡನೆಯದು. ಮೂರನೆಯದನ್ನು ಕಲಿಯಬೇಕಾದರೆ ಮದ್ದೂರಿನ ಮೈದಾನದಲ್ಲಿ ಒಬ್ಬ ಮನುಷ್ಯನ ಉಸಿರೇ ನಿಲ್ಲುವ ಹಾಗಾಯಿತು. ಆಮೇಲೆ ಅವನು ಮತ್ತೆ ಆ ಉಡುಪಿನೊಳಗೆ ಹೋಗುತ್ತಾನೋ ಇಲ್ಲವೋ ಎನ್ನುವುದೇ ನಮಗೆಲ್ಲ ದೊಡ್ಡ ಪ್ರಶ್ನೆಯಾಗಿ ಕೂತಿತು.

ನಾನು ನಿವೃತ್ತಳಾದ ಮೇಲೆ, ಈಗ ವಿಜ್ಞಾನ ಪ್ರದರ್ಶನಗಳಲ್ಲಿ ನಿಂತು ವಿವರಣೆ ಕೊಡುವ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು?" ಎನ್ನುತ್ತಾರೆ. ನಾನು ಕಾಫಿಗೆ ಇಟ್ಟು ಮಾತು ಶುರು ಮಾಡುತ್ತೇನೆ, ಹಾಲು ಉಕ್ಕುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬಡ್ತಿ, ವರ್ಗಾವಣೆಯ ಕಥೆ ಎಲ್ಲರದೂ ಒಂದೇ ಥರ. ಅದನ್ನು ಬಿಟ್ಟಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮಂಡ್ಯದಲ್ಲಿ ನಮ್ಮ ಕಚೇರಿ ಅಂದರೆ ಒಂದು ಕೋಣೆ, ಒಂದು ಷೆಡ್ಡು, ಷೆಡ್ಡಿನಲ್ಲಿ ಒಂದು ಹಳೆಯ ವ್ಯಾನು. ವ್ಯಾನಿನ ಪಕ್ಕದ ತಗಡನ್ನು ಮೇಲೆತ್ತಿದರೆ ಅದು ಪೆಟ್ಟಿಗೆ ಅಂಗಡಿಯ ಹಾಗೆ ತೆರೆದುಕೊಳ್ಳುತ್ತಿತ್ತು. ಒಳಗೆ ಸೂಕ್ಷ್ಮದರ್ಶಕ, ಅಯಸ್ಕಾಂತ, ಹಲ್ಲಿನ ದೊಡ್ಡ ಮಾದರಿ, ಒಂದು ಉದ್ದನೆಯ ಹಾವಿನ ಪೊರೆ. ಶಾಲೆಯಿಂದ ಶಾಲೆಗೆ, ಊರಿಂದ ಊರಿಗೆ ಹೋಗಿ ತೋರಿಸುವುದು ನಮ್ಮ ಕೆಲಸ. ಇದ್ದವರು ಮೂವರು. ಅಧಿಕಾರಿಗಳಾದ ಶೇಷಗಿರಿ ರಾಯರು, ವ್ಯಾನ್ ಓಡಿಸುವ ನಿಡಘಟ್ಟದ ಚಲುವೇಗೌಡ, ಸಹಾಯಕಿಯಾದ ನಾನು. ಬಿ.ಎಸ್ಸಿ. ಮುಗಿಸಿದ್ದೆ, ಹೊಲಿಗೆ ಯಂತ್ರ ತುಳಿಯುವುದಕ್ಕೂ ಬರುತ್ತಿತ್ತು. ಆ ಎರಡನೆಯ ವಿದ್ಯೆ ನನಗೆ ಮೊದಲನೆಯದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮನುಷ್ಯ ಚಂದ್ರನ ಮೇಲೆ ಓಡಾಡಿ ಬಂದ ಸುದ್ದಿ ಆಗಿನ್ನೂ ಹಸಿಯಾಗಿತ್ತು. ಬೆಂಗಳೂರಿನಿಂದ ನಮಗೊಂದು ಉಡುಪು ಬಂತು. ನಿಜವಾದದ್ದಲ್ಲ, ಅದರ ಮಾದರಿ. ದಪ್ಪ ಬಿಳಿ ಕ್ಯಾನ್ವಾಸಿನ ಮೈಯಂಗಿ, ಮೊಣಕಾಲುದ್ದದ ಬೂಟು, ಬೆರಳು ಮಡಚಲು ಬಾರದಂಥ ಕೈಗವಸು, ಬೆನ್ನಿಗೊಂದು ಪೆಟ್ಟಿಗೆ. ತಲೆಗೆ ಗಡಿಗೆಯಷ್ಟು ದೊಡ್ಡ ಶಿರಸ್ತ್ರಾಣ, ಅದರ ಮುಂದೆ ಹಳದಿ ಪ್ಲಾಸ್ಟಿಕ್ಕು. ಬೆನ್ನಿನ ಪೆಟ್ಟಿಗೆಯಲ್ಲಿ ಟಾರ್ಚಿನ ಸೆಲ್ಲಿನಿಂದ ತಿರುಗುವ ಪುಟ್ಟ ಫ್ಯಾನು. ಅದು ಜಾಲರಿಯ ಮೂಲಕ ಹೊರಗಿನ ಗಾಳಿಯನ್ನು ಎಳೆದು ಒಳಗೆ ಕಳಿಸುತ್ತಿತ್ತು. ಕೆಟ್ಟ ಗಾಳಿ ಹೋಗುವುದಕ್ಕೆ ಕತ್ತಿನ ಹತ್ತಿರ ರಬ್ಬರಿನ ಮುಚ್ಚಳ. ಶಿರಸ್ತ್ರಾಣದ ಕೊಂಡಿಗಳು ಮಾತ್ರ ಹಿಂದಿದ್ದವು. ತೊಟ್ಟವನ ಕೈಗೆ ಅವು ಎಟುಕುವುದಿಲ್ಲ. ಇನ್ನೊಬ್ಬರು ಹಾಕಬೇಕು, ಇನ್ನೊಬ್ಬರೇ ತೆಗೆಯಬೇಕು.

ಅದು ಬಂದ ದಿನ ರಾಯರೇ ಮೊದಲು ತೊಟ್ಟು ನೋಡಿದರು. ಅವರು ಗಿಡ್ಡ ಆಳು. ಕತ್ತಿನ ಉಂಗುರ ಮೂಗಿಗೆ ಬಂತು. ನಾನು ನಗು ತಡೆಯಲಾರದೆ ಗೋಡೆ ಕಡೆ ತಿರುಗಿದೆ. ಚಲುವೇಗೌಡ ತೊಟ್ಟಾಗ ಅವನಿಗೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಹೀಗೆ ನಮ್ಮ ಡ್ರೈವರು ಚಂದ್ರಯಾತ್ರಿಕನಾದ, ನಾನು ತೊಡಿಸುವವಳಾದೆ.

ಉಡುಪು ನೋಡಿಕೊಳ್ಳುವುದೇ ಒಂದು ಸಂಸಾರ. ಒಳಗಿನ ಕಾಲರಿಗೆ ಬೆವರು ಹಿಡಿಯುತ್ತಿತ್ತು, ವಾರಕ್ಕೊಮ್ಮೆ ಸೀಗೆ ನೀರಿನಲ್ಲಿ ಒರೆಸಬೇಕು. ಕೈಗವಸಿನೊಳಗೆ ಪೌಡರು ಉದುರಿಸಬೇಕು, ಇಲ್ಲದಿದ್ದರೆ ಅದು ಕೈಬಿಟ್ಟು ಬರುವುದಿಲ್ಲ. ವ್ಯಾನಿನ ನೆತ್ತಿಯ ಮೇಲೆ ಹರವಿ ಬಿಸಿಲಿಗೆ ಒಣಗಿಸಬೇಕು. ಒಮ್ಮೆ ಹಾಗೆ ಒಣಗಿಸಿಕೊಂಡು ಹೋಗುತ್ತಿದ್ದಾಗ ಗೆಜ್ಜಲಗೆರೆ ಹತ್ತಿರ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, "ಯಾರ್ದ್ಲಾ ಎಣ?" ಎಂದು ಕೂಗಿದ. ಚಲುವೇಗೌಡ ಕಿಟಕಿಯಿಂದ ತಲೆ ಹಾಕಿ, "ನಂದೇ ಕಣ್ಲಾ, ಒಣಗಾಕಿವ್ನಿ!" ಎಂದ.

ರಾಯರ ವಿವರಣೆ ಕೇಳುವುದಕ್ಕೆ ಚೆನ್ನಾಗಿರುತ್ತಿತ್ತು. ಚಂದ್ರನ ಮೇಲೆ ಗಾಳಿಯಿಲ್ಲ, ಗಾಳಿಯ ಒತ್ತಡವಿಲ್ಲದಿದ್ದರೆ ಮೈಯೊಳಗಿನ ನೀರು ಬೆಂಕಿಯಿಲ್ಲದೇ ಕುದಿಯತೊಡಗುತ್ತದೆ ಎಂದಾಗ ಮಕ್ಕಳು ತಮ್ಮ ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅದಕ್ಕೇ ನಿಜವಾದ ಉಡುಪಿನಲ್ಲಿ ಗಾಳಿ ತುಂಬಿದ ರಬ್ಬರಿನ ಪದರ. ಅದು ಉಬ್ಬಿ ಒಡೆಯದಂತೆ ಮೇಲೊಂದು ಬಿಗಿ ಬಟ್ಟೆ. "ಟ್ಯೂಬು, ಟೈರು ಇದ್ದಂಗೆ ಅನ್ನಿ ಸಾ" ಎಂದು ಹೇಳಿಕೊಟ್ಟವನು ಚಲುವೇಗೌಡ. ರಾಯರು ಅವತ್ತಿನಿಂದ ಹಾಗೇ ಹೇಳಿದರು. ಅದರ ಮೇಲೆ ಬೆಳ್ಳಿಯಂತೆ ಹೊಳೆಯುವ ತೆಳು ಹಾಳೆಗಳು, ಒಂದರ ಮೇಲೊಂದು. ಸುಡು ಬಿಸಿಲು ಒಳಗೆ ಬರಬಾರದು, ನೆರಳಿಗೆ ಹೋದರೆ ಮೈಬಿಸಿ ಹೊರಗೆ ಸೋರಬಾರದು. ಎಲ್ಲಕ್ಕೂ ಹೊರಗೆ ಬೆಂಕಿ ತಾಗದ ಬಿಳಿ ಬಟ್ಟೆ. ಕಣ್ಣಿನ ಮುಂದೆ, ಬಿಸಿಲಿನ ಝಳ ತಡೆಯುವುದಕ್ಕೆ, ಚಿನ್ನದ ತೆಳು ಲೇಪ. "ಚಿನ್ನವಾ!" ಎಂದು ಹೆಂಗಸರು ಮುಂದೆ ಸರಿದು ಬರುತ್ತಿದ್ದುದು ಇಲ್ಲೇ. ಎಲ್ಲಕ್ಕೂ ಒಳಗೆ, ಮೈಗೆ ಅಂಟಿಕೊಂಡು, ತಣ್ಣೀರು ಹರಿಯುವ ಸಣ್ಣ ಕೊಳವೆಗಳನ್ನು ಹೆಣೆದ ಒಂದು ಒಳ ಅಂಗಿ. ನಮ್ಮ ಮಾದರಿಯಲ್ಲಿ ಅದು ಇರಲಿಲ್ಲವಾದ್ದರಿಂದ ರಾಯರು ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು.

ರಾಯರ ವಿಷಯ ಒಂದು ಹೇಳಲೇಬೇಕು. ವೈದ್ಯನಾಥಪುರದಲ್ಲಿ ಮುದುಕರೊಬ್ಬರು ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಎಲ್ಲಾ ಸರಿ ಬುದ್ಧಿ, ಮೂಗು ತುರುಸ್ದ್ರೆ ಏನ್ ಮಾಡಾನು?" ಎಂದರು. ಜನವೆಲ್ಲ ಗೊಳ್ಳೆಂದು ನಕ್ಕರು. ರಾಯರು ನಗಲಿಲ್ಲ. "ಗೊತ್ತಿಲ್ಲ ಯಜಮಾನ್ರೇ, ತಿಳ್ಕೊಂಡು ಹೇಳ್ತೀನಿ" ಎಂದರು. ಯಾರಿಗೋ ಬರೆದು ಕೇಳಿದರು, ಬೆಂಗಳೂರಿಗೆ ಹೋದಾಗ ವಿಚಾರಿಸಿದರು. ಬಹಳ ದಿನಗಳ ಮೇಲೆ ಆ ಕಡೆ ಹೋದಾಗ ವ್ಯಾನ್ ನಿಲ್ಲಿಸಿ, ಗದ್ದೆ ಬದುವಿನ ಮೇಲೆ ನಡೆದು ಹೋಗಿ ಆ ಮುದುಕರನ್ನು ಹುಡುಕಿದರು.

"ಏನೂ ಮಾಡೋಕಾಗಲ್ವಂತೆ ಯಜಮಾನ್ರೇ. ಸಹಿಸ್ಕೋಬೇಕು, ಅಷ್ಟೆ."

ಮುದುಕರಿಗೆ ಬಹಳ ಸಮಾಧಾನವಾಯಿತು. "ಅಂಗಾದ್ರೆ ನಮ್ಮಂಗೇ ಮನ್ಸ ಬುಡಿ" ಎಂದರು.

ಕೆಲಸಕ್ಕೆ ಸೇರುವವರು ಇದನ್ನು ನೆನಪಿಟ್ಟುಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ, ಆಮೇಲೆ ಉತ್ತರ ಹಿಡಿದುಕೊಂಡು ಗದ್ದೆ ಬದುವಿನ ಮೇಲೆ ಹೋಗುವುದಕ್ಕೆ, ಎರಡಕ್ಕೂ ರಾಯರಂಥ ಮನಸ್ಸು ಬೇಕು.

ಇನ್ನು ಮದ್ದೂರಿನ ಕಥೆ.

ಆ ವರ್ಷ ಆಯುಧಪೂಜೆಗೆ ಚಲುವೇಗೌಡ ವ್ಯಾನನ್ನು ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದ. ಸೂಕ್ಷ್ಮದರ್ಶಕಕ್ಕೆ ನಾನೇ ಹೂವಿಟ್ಟೆ. ಉಡುಪನ್ನು ಮರದ ನಿಲುವಿಗೆ ತೊಡಿಸಿ ನಿಲ್ಲಿಸಿದ್ದೆವು. ಅಂಥ ದಿನ ಅದನ್ನು ಹಾಗೇ ಬಿಡುವುದುಂಟೆ? ಶಿರಸ್ತ್ರಾಣಕ್ಕೆ ಸೇವಂತಿಗೆ ಹಾರ ಬಿತ್ತು. ಬೆನ್ನಿನ ಪೆಟ್ಟಿಗೆಯ ಗುಂಡನೆಯ ಜಾಲರಿ ನೋಡುವುದಕ್ಕೆ ಮುಖದ ಹಾಗೇ ಇತ್ತು. ಅದಕ್ಕೆ ಧಾರಾಳವಾಗಿ ಗಂಧ ಬಳಿದು ನಡುವೆ ಕುಂಕುಮ ಇಟ್ಟೆವು. ಕತ್ತಿನ ರಬ್ಬರು ಮುಚ್ಚಳಕ್ಕೂ ಒಂದು ಬೊಟ್ಟು. ರಾಯರು ಬಂದು ಮಂಗಳಾರತಿ ತೆಗೆದುಕೊಂಡು, "ಭೇಷ್, ಚಂದ್ರಯಾತ್ರಿಕ ಮದುವೆ ಗಂಡಿನ ಹಾಗಿದ್ದಾನೆ" ಎಂದರು. ರಜಾ ಮುಗಿಯುವವರೆಗೆ ಉಡುಪು ಹಾಗೇ ನಿಂತಿತ್ತು. ಹಾರ ಬಾಡಿತು, ತೆಗೆದೆವು. ಗಂಧ ಒಣಗಿ ಕಲ್ಲಾಗಿತ್ತು, ಅದು ಯಾರ ಗಮನಕ್ಕೂ ಬರಲಿಲ್ಲ.

ಶಾಲೆ ತೆರೆದ ಮೇಲೆ ಮೊದಲ ಪ್ರದರ್ಶನ ಮದ್ದೂರಿನಲ್ಲಿ. ಶಾಲೆಯ ಮೈದಾನದ ತುಂಬ ಜನ. ನಾನು ಉಡುಪು ಬಿಡಿಸಿಡುತ್ತಿದ್ದೆ. ಎತ್ತರದ ಹೆಂಗಸೊಬ್ಬಳು ಸೊಂಟಕ್ಕೆ ಸೆರಗು ಬಿಗಿದು ನನ್ನ ಮುಂದೆ ಬಂದು ನಿಂತಳು.

"ನಮ್ಮೋನ್ಗೆ ಬಟ್ಟೆ ಆಕೋರು ನೀವೇನಾ?"

ಚಲುವೇಗೌಡನ ಹೆಂಡತಿ ಸಾಕಮ್ಮ. ನಿಡಘಟ್ಟದಲ್ಲಿ ಯಾರೋ ಚುಚ್ಚಿಕೊಟ್ಟಿದ್ದರು, ನಿನ್ನ ಗಂಡನಿಗೆ ಮಂಡ್ಯದ ಮೇಡಮ್ಮು ದಿನಾ ಬಟ್ಟೆ ತೊಡಿಸುತ್ತಾಳಂತೆ ಎಂದು. ಬಸ್ಸು ಹತ್ತಿ ನೋಡಲಿಕ್ಕೇ ಬಂದಿದ್ದಳು.

"ನಾನೇ ಕಣಮ್ಮ. ಅವನ ಪ್ಯಾಂಟು ಷರ್ಟಿನ ಮೇಲೇ ಹಾಕೋದು" ಎಂದೆ.

ಅವಳು ಬೂಟು, ಕೈಗವಸು, ಶಿರಸ್ತ್ರಾಣ ಎಲ್ಲವನ್ನೂ ಮುಟ್ಟಿ ನೋಡಿದಳು. ಚಲುವೇಗೌಡ ನಾಚಿಕೆಯಿಂದ ನೆಲ ನೋಡುತ್ತಿದ್ದ. "ಮನೇಲಿ ಒಂದು ಪಂಚೆ ಮಡ್ಚಾಕ್ ಬರಾಕಿಲ್ಲ ಇವ್ನ್ಗೆ. ಇಲ್ಲಿ ದೇವ್ರಂಗೆ ಅಲಂಕಾರ ಮಾಡುಸ್ಕತಾನೆ" ಎಂದು ಹೋಗಿ ಮಕ್ಕಳ ಸಾಲಿನ ಹಿಂದೆ ನಿಂತಳು. ಮುಖದಲ್ಲಿ ಸಿಟ್ಟು ಉಳಿದಿರಲಿಲ್ಲ.

ತೊಡಿಸಿದೆ. ಕಲ್ಲು ಹೆಕ್ಕುವ ಉದ್ದನೆಯ ಇಕ್ಕಳವನ್ನು ಬಲಗೈ ಮಣಿಕಟ್ಟಿಗೆ ಪಟ್ಟಿಯಿಂದ ಬಿಗಿದೆ. ಅದು ಯಾವಾಗಲೂ ಹಾಗೇ. ಕೊಂಡಿ ಹಾಕಿದೆ, ಫ್ಯಾನಿನ ಸ್ವಿಚ್ಚು ಒತ್ತಿದೆ. ಗುಂಯ್ ಎನ್ನುವ ಸದ್ದು ಬಂತು. ಸದ್ದು ಬಂದರೆ ಗಾಳಿಯೂ ಹೋಗುತ್ತಿದೆ ಎಂದೇ ನಮ್ಮ ಲೆಕ್ಕ.

ಚಲುವೇಗೌಡ ನಡೆದ. ಎಂದಿನಂತೆ ಕಾಲು ಎತ್ತಿ ಎತ್ತಿ ತೇಲುವವನ ಹಾಗೆ ನಡೆದ. ಮಕ್ಕಳು ಕೇಕೆ ಹಾಕಿದರು. ರಾಯರು ಮೈಕು ಹಿಡಿದು ಬಿಸಿಲು ನೆರಳಿನ ಮಾತು ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವನು ನಿಂತ. ಎಡಗೈ ಎತ್ತಿ ಬೀಸಿದ.

"ನೋಡಿ ಮಕ್ಕಳೇ, ಚಂದ್ರಯಾತ್ರಿಕ ಕೈ ಬೀಸ್ತಿದ್ದಾನೆ. ನೀವೂ ಬೀಸಿ!" ಎಂದರು ರಾಯರು.

ಮೈದಾನಕ್ಕೆ ಮೈದಾನವೇ ಕೈ ಬೀಸಿತು. ಅವನು ಇನ್ನೂ ಜೋರಾಗಿ ಬೀಸಿದ. ಮಕ್ಕಳೂ ಜೋರಾಗಿ ಬೀಸಿದರು. ನಾನೂ ನಗುತ್ತ ನೋಡುತ್ತಿದ್ದೆ. ಆಗ ಹಿಂದಿನಿಂದ ಸಾಕಮ್ಮನ ದನಿ ಬಂತು. ಅಂಥ ದನಿಯನ್ನು ನಾನು ಮತ್ತೆ ಕೇಳಿಲ್ಲ.

"ಎಡ್ಗೈ ಕಣ್ರೋ! ನಮ್ಮೋನು ಎಡ್ಗೈ ಎತ್ತಿ ಯಾರ್ನೂ ಮಾತಾಡ್ಸಾಕಿಲ್ಲ! ಬುರುಡೆ ತಗೀರೋ ಅವುಂದ!"

ಎಡಗೈಯಲ್ಲಿ ಯಾರಿಗೂ ಒಂದು ಎಲೆಯಡಿಕೆ ಕೂಡ ಕೊಡದ ಮನುಷ್ಯ ಅವನು. ಅವನು ಗುರುಹಿರಿಯರು ಕೂತ ಸಭೆಗೆ ಎಡಗೈ ಬೀಸುವುದೆಂದರೇನು! ಬಲಗೈಗೆ ಇಕ್ಕಳ ಕಟ್ಟಿದ್ದರಿಂದ ನಮಗೆಲ್ಲ ಅದು ಸಹಜವಾಗಿ ಕಂಡಿತ್ತು, ಅವಳೊಬ್ಬಳಿಗೇ ಹೊಳೆಯಿತು. ಮಕ್ಕಳನ್ನು ದಾಟಿಕೊಂಡು ಅವಳು ಓಡಿ ಬರುವಷ್ಟರಲ್ಲಿ ನಾನೂ ಓಡಿದ್ದೆ. ಅವನು ಮಂಡಿಯೂರಿ ಕುಸಿಯುತ್ತಿದ್ದ. ನಾನು ಕೊಂಡಿ ಬಿಚ್ಚಿದೆ, ಅವಳು ಶಿರಸ್ತ್ರಾಣವನ್ನು ಹಲಸಿನಕಾಯಿ ಕೀಳುವ ಹಾಗೆ ಕಿತ್ತೆಳೆದಳು. ಮುಖ ಕಪ್ಪಿಟ್ಟಿತ್ತು. ಬೆವರು ಮಳೆಯಲ್ಲಿ ನೆಂದವನ ಹಾಗೆ ಇಳಿಯುತ್ತಿತ್ತು. ಅವನು ಬಾಯಿ ತೆರೆದು ಗಾಳಿ ಎಳೆದುಕೊಂಡ ಸದ್ದು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿಸಿತು. ರಾಯರು ಮೈಕು ಹಿಡಿದುಕೊಂಡೇ ಓಡಿ ಬಂದಿದ್ದರು.

ಸಾಕಮ್ಮ ಸೆರಗಿನಿಂದ ಗಾಳಿ ಹಾಕಿದಳು. ಕಣ್ಣು ಬಿಟ್ಟ ಮೇಲೆ ಚಲುವೇಗೌಡ ಮೊದಲು ಕೇಳಿದ್ದು, "ಮಕ್ಳು ಎದ್ರುಕೊಂಡ್ವಾ?"

"ನಿನ್ ಮಕ್ಳೆಲ್ಲಾ ಟಾಟಾ ಮಾಡ್ತಾ ಅವ್ರೆ. ಸುಮ್ಕೆ ಉಸ್ರಾಡು" ಎಂದಳು ಅವಳು. ಹೇಳಿ ಅತ್ತಳು.

ಬೆನ್ನಿನ ಪೆಟ್ಟಿಗೆ ಬಿಚ್ಚಿ ನೋಡಿದೆವು. ಫ್ಯಾನು ಪಾಪ ತಿರುಗುತ್ತಲೇ ಇತ್ತು. ಜಾಲರಿಯ ಕಣ್ಣುಗಳೆಲ್ಲ ಗಂಧ ಕುಂಕುಮದಲ್ಲಿ ಮುಚ್ಚಿಹೋಗಿದ್ದವು. ಕತ್ತಿನ ಮುಚ್ಚಳ ಬೊಟ್ಟಿನ ಜಾಗದಲ್ಲಿ ಅಂಟಿಕೊಂಡಿತ್ತು. ಮಂಡ್ಯಕ್ಕೆ ವಾಪಸು ಬರುವಾಗ ರಾಯರು, "ಬೀಸಿ ಅಂದೆನಲ್ಲ ನಾನು, ಬೀಸಿ ಅಂದೆ" ಎಂದರು.

ಮಾರನೆಯ ದಿನ ಅವರ ತೀರ್ಮಾನ ಬಂತು. ಇನ್ನು ಆ ಉಡುಪನ್ನು ಯಾರೂ ತೊಡಬೇಕಾಗಿಲ್ಲ. ಬಡಗಿಗೆ ಹೇಳಿ ಗಾಜಿನ ಪೆಟ್ಟಿಗೆ ಮಾಡಿಸಿ ಅದರಲ್ಲಿ ನಿಲ್ಲಿಸೋಣ. ನಾನು ಒಪ್ಪಿದೆ. ಚಲುವೇಗೌಡ ಗಾಳಿ ಎಳೆದುಕೊಂಡ ಆ ಸದ್ದು ನನ್ನ ಕಿವಿಯಲ್ಲೂ ಇತ್ತು.

ಚಲುವೇಗೌಡ ಮಾತ್ರ ಮಂಕಾದ. ವ್ಯಾನು ಒರೆಸುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ ಉಡುಪಿನ ಮುಂದೆ ನಿಲ್ಲುತ್ತಿದ್ದ. ಒಂದು ದಿನ ನಾನೇ ಕೇಳಿದೆ.

"ಗೊಂಬೆ ಮಾಡಿ ನಿಲ್ಸುದ್ರೆ ಯಾರ್ ನೋಡಾರು ಮೇಡಂ?" ಎಂದ. "ನಿಂತಿರೋ ಗಾಡೀನ ಯಾರಾರಾ ನೋಡ್ತಾರಾ? ಇಲ್ಲಿ ಮದ್ದೂರ್ನಲ್ಲಿ, ಸುತ್ಲೂ ಗಾಳಿ ಇದ್ದು, ಎಂಡ್ತಿ ಎದ್ರುಗೇ ಇದ್ದು ನನ್ಗೆ ಇಂಗಾಯ್ತು. ಅವ್ರು ಅಲ್ಲಿ, ಅಷ್ಟ್ ದೂರ್ದಲ್ಲಿ, ಯಾರೂ ಇಲ್ದಿರೋ ಕಡೆ ಎಂಗ್ ಓಡಾಡಿರ್ಬೇಕು! ಆ ಬಟ್ಟೆ ಮಾಡ್ದೋರ್ ಕೈ ಎಂಥಾದಿರ್ಬೇಕು! ಒಳ್ಗೆ ನಿಂತೋನ್ಗೆ ಗೊತ್ತಾಯ್ತದೆ. ಅದ ನಾಕ್ ಜನಕ್ಕೆ ತೋರುಸ್ಬೇಕು ಅಂತ."

ಉಸಿರು ಕಟ್ಟಿ ಬಿದ್ದ ಮನುಷ್ಯ ಆ ಉಡುಪನ್ನು ಬೈಯಲಿಲ್ಲ, ಅದರ ದೊಡ್ಡತನವನ್ನು ಕಂಡುಕೊಂಡಿದ್ದ. ಚಂದ್ರನ ಮೇಲೆ ನಡೆದವರ ಬಗ್ಗೆ ಆಮೇಲೆ ಬೇಕಾದಷ್ಟು ಓದಿದ್ದೇನೆ. ಅವನು ಹೇಳಿದಷ್ಟು ನೇರವಾಗಿ ಯಾರೂ ಬರೆದಿಲ್ಲ.

ನನಗಿಂತ ಮುಂಚೆ ಸಾಕಮ್ಮನಿಗೆ ಅವನ ಆಸೆ ಅರ್ಥವಾಗಿತ್ತು ಅಂತ ಕಾಣುತ್ತದೆ. ಒಂದು ಬೆಳಿಗ್ಗೆ ಕಚೇರಿಗೇ ಬಂದಳು. ರಾಯರು ಕುರ್ಚಿ ತೋರಿಸಿದರು, ಅವಳು ಹೊಸಲಿನ ಮೇಲೆ ಕೂತಳು.

"ಅವ್ನ್ಗೆ ಆಸೆ ಅದೆ. ನಂಗೆ ಎದ್ರಿಕೆ ಅದೆ. ಎಲ್ಡೂ ನಿಜ್ವೇ ಬುದ್ಧಿ" ಎಂದಳು. "ಅನ್ನ ಸೇರ್ತಾ ಇಲ್ಲ ಅವ್ನ್ಗೆ. ಇನ್ನೊಂದು ಕಿತ ಆಕ್ಕಳ್ಳಿ. ಆದ್ರೆ ಬುರುಡೆ ನಾನು ಕೂರುಸ್ಬೇಕು, ನಾನು ತಗೀಬೇಕು. ಅವ್ನು ಎಡ್ಗೈ ಎತ್ತುದ್ರೆ ಯಾರೂ ಏನೂ ಕೇಳ್ಬಾರ್ದು, ತಗೀಬೇಕು ಅಷ್ಟೆ."

"ಸರಿಯಮ್ಮ, ಅದು ನ್ಯಾಯವಾಗಿದೆ" ಎಂದರು ರಾಯರು. ನಾನು ಮೊದಲು ಹೇಳಿದ ಮೂರನೆಯ ಪಾಠ ಇದೇ.

"ಇನ್ನೂ ಒಂದದೆ. ಒಳ್ಗೆ ಅವ್ನು ತಂಪಾಗವ್ನೆ ಅಂತ ಒರ್ಗಿರೋ ನಂಗೆ ಎಂಗ್ ಗೊತ್ತಾಗ್ಬೇಕು?"

ರಾಯರ ಕಣ್ಣು ನನ್ನ ಕಡೆ ತಿರುಗಿತು, ನನ್ನದು ಅವರ ಕಡೆ. ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದ ಆ ಒಳ ಅಂಗಿ! ತಣ್ಣೀರು ಒಳಗೆ ಹೋಗುತ್ತದೆ, ಮೈಯ ಬಿಸಿ ಹೊತ್ತು ಹೊರಗೆ ಬರುತ್ತದೆ. ಹೊರಗೆ ಬರುವ ನೀರನ್ನು ಮುಟ್ಟಿ ನೋಡಿದರೆ ಒಳಗಿರುವವನ ಸಮಾಚಾರ ಗೊತ್ತಾಗುತ್ತದಲ್ಲ!

"ಮಳವಳ್ಳಿಯಲ್ಲಿ ಒಂದು ಸಲ ನೋಡೋಣ" ಎಂದರು ರಾಯರು. "ಅಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಗಾಜಿನ ಪೆಟ್ಟಿಗೆಯೇ ಗತಿ. ಬಡಗಿಗೆ ನಾನು ನಿಲ್ಲಿಸು ಅಂತ ಹೇಳೋದಿಲ್ಲ."

ಕೊಳವೆ ಎಲ್ಲಿಂದ ತರುವುದು? ಚಲುವೇಗೌಡ ಸೈಕಲ್ ಷಾಪಿನಿಂದ ವಾಲ್ವ್ ಟ್ಯೂಬು ತಂದ. ಸೈಕಲ್ಲಿನ ಗಾಳಿ ಮೂತಿಗೆ ಹಾಕುವ ಕಡ್ಡಿಯಷ್ಟು ಸಣ್ಣ ರಬ್ಬರು ಕೊಳವೆ. ಅಂಗಡಿಯವನು, "ಎಷ್ಟ್ ಸೈಕಲ್ ಮಡ್ಗಿದ್ದೀಯ್ಲಾ?" ಎಂದನಂತೆ. ಬಲೆಯಂಥ ಬನಿಯನ್ನಿಗೆ ಅದನ್ನು ನಾನು ಹೊಲಿಗೆ ಯಂತ್ರದಲ್ಲಿ ಅಂದವಾಗಿ ಹೊಲಿದೆ. ಷೆಡ್ಡಿನ ಅಂಗಳದಲ್ಲಿ ಪರೀಕ್ಷೆ. ವ್ಯಾನಿನ ಮೇಲೆ ಮಣ್ಣಿನ ಗಡಿಗೆ, ಅದರಿಂದ ಇಳಿದ ನೀರು ಬನಿಯನ್ನಿಗೆ. ಚಲುವೇಗೌಡ ಉಡುಪು ತೊಟ್ಟು ನಿಂತ. ನೋಡನೋಡುತ್ತ ಎರಡೂ ಬೂಟಿನ ಸುತ್ತ ನೀರು ಹರಡಿತು. ಪಕ್ಕದ ಕಚೇರಿಯ ಅಂಗಳ ಗುಡಿಸುತ್ತಿದ್ದವರೆಲ್ಲ ಪೊರಕೆ ಬಿಟ್ಟು ನಕ್ಕರು.

"ನಾನ್ ಓಗ್ ಬಂದಿದ್ದೆ ಮೇಡಂ, ಸತ್ಯವಾಗ್ಲೂ ಓಗ್ ಬಂದಿದ್ದೆ!" ಎಂದು ಅವನು ಅಂಗಲಾಚಿದ.

ಯಂತ್ರದ ಸೂಜಿ ಕೊಳವೆಯ ಉದ್ದಕ್ಕೂ ತೂತು ಮಾಡಿತ್ತು. ನಿಜವಾದ ಉಡುಪನ್ನು ಹೊಲಿದವರೂ ಹೆಂಗಸರೇ, ಹೊಲಿಗೆ ಯಂತ್ರದ ಮುಂದೆ ಕೂತು ಹೊಲಿದದ್ದು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಗುಂಡುಸೂಜಿ ಬಳಸುವುದಕ್ಕೂ ಅವರು ಹೆದರುತ್ತಿದ್ದರಂತೆ. ಎಲ್ಲಾದರೂ ಒಂದು ಸೂಜಿ ಮರೆತರೆ, ಒಂದು ತೂತಾದರೆ, ಅಲ್ಲಿ ಒಬ್ಬನ ಪ್ರಾಣ. ಅದನ್ನು ಓದಿದ ದಿನ ನನ್ನ ಹಳೆಯ ಯಂತ್ರದ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದೆ. ಕಾಣದ ಆ ಹೆಂಗಸರಿಗೆ ನಮಸ್ಕಾರ ಹೇಳಬೇಕೆನಿಸಿತ್ತು.

ಸಾಕಮ್ಮ ಬನಿಯನ್ನನ್ನು ತೊಡೆಯ ಮೇಲೆ ಹರವಿಕೊಂಡು ಯೋಚಿಸಿದಳು. "ಚುಚ್ಬಾರ್ದು ಕಣಮ್ಮ. ಕಟ್ಬೇಕು" ಎಂದಳು. ಮೊಗ್ಗಿನ ತೊಟ್ಟು ನಲುಗದ ಹಾಗೆ ದಾರ ಸುತ್ತಿ ಕುಣಿಕೆ ಹಾಕಿ ದಂಡೆ ಕಟ್ಟುತ್ತೇವಲ್ಲ, ಅದೇ ಗಂಟು. ಬಲೆಯ ಕಣ್ಣಿನಿಂದ ದಾರ ತಂದು, ಕೊಳವೆಯನ್ನು ಅಪ್ಪಿಸಿ, ಕುಣಿಕೆ. ಬಿಗಿದರೆ ನೀರು ನಿಲ್ಲುತ್ತದೆ, ಸಡಿಲ ಬಿಟ್ಟರೆ ಕೊಳವೆ ಜಾರುತ್ತದೆ. ಇಬ್ಬರೂ ಎದುರುಬದುರು ಕೂತು ದಿನಗಟ್ಟಲೆ ಕಟ್ಟಿದೆವು. ಒಂದೇ ಉದ್ದನೆಯ ಕೊಳವೆಯಲ್ಲಿ ನೀರು ತಿಣುಕುತ್ತಿತ್ತು. ರಾಯರು ಹೇಳಿದಂತೆ ತುಂಡು ತುಂಡು ಮಾಡಿ, ಎಲ್ಲದರ ಬಾಯಿಯನ್ನೂ ಮೇಲೊಂದು ಕೆಳಗೊಂದು ದಪ್ಪ ಕೊಳವೆಗೆ ಸೇರಿಸಿದೆವು. ನೀರು ಸರಾಗ ಓಡಿತು. ಜಾಲರಿಯನ್ನು ರಾಯರೇ ಹಳೆಯ ಹಲ್ಲುಜ್ಜುವ ಬ್ರಷ್ಷ್ ಹಿಡಿದು ತೊಳೆದರು. ಗಂಧ ಕುಂಕುಮದ ವಿಷಯಕ್ಕೆ ಚಲುವೇಗೌಡನೇ ದಾರಿ ಹೇಳಿದ. ಇನ್ನು ಮುಂದೆ ಪೂಜೆ ಬೂಟಿನ ಹಿಮ್ಮಡಿಗೆ. "ಚಂದ್ರುನ್ನ ತುಳಿಯಾದು ಕಾಲ್ ತಾನೆ? ತಪ್ಪಾಯ್ತು ಅಂತ ಕೇಳ್ಕಬೇಕಾದ್ದೂ ಅದೇಯ." ನಾನು ನಿವೃತ್ತಳಾಗುವವರೆಗೂ ಆ ಪದ್ಧತಿ ನಡೆಯಿತು.

ಮಳವಳ್ಳಿಗೆ ಹೋದ ದಿನ ಬಿಸಿಲು ಚುರುಕಾಗಿತ್ತು. ವ್ಯಾನಿನ ನೆತ್ತಿಯ ಮೇಲೆ ಒದ್ದೆ ಗೋಣಿ ಸುತ್ತಿದ ಗಡಿಗೆ, ಕೆಳಗೆ ನೀರು ಬೀಳುವ ಬಕೆಟ್ಟು. ರಾಯರು ವಿವರಣೆ ಕೊಡುವಷ್ಟು ಹೊತ್ತು ಚಲುವೇಗೌಡ ನಿಂತಲ್ಲೇ ಕೊಳವೆಗೆ ಕಟ್ಟಿಕೊಂಡೇ ಇರಬೇಕು, ಆಮೇಲೆ ಬಿಚ್ಚಿ ನಡೆಸಬೇಕು ಎಂದು ಮಾತಾಗಿತ್ತು. "ಓಗ್ ಬಂದೆ" ಎಂದು ನಾನು ಕೇಳುವ ಮೊದಲೇ ಹೇಳಿದ. ನಾನು ಅಂಗಿ, ಬೂಟು, ಕೈಗವಸು ತೊಡಿಸಿದೆ. ಸಾಕಮ್ಮ ಮುಂದೆ ಬಂದು ಅವನ ಮುಖವನ್ನು ಒಮ್ಮೆ ನೋಡಿ, ಶಿರಸ್ತ್ರಾಣ ಕೂರಿಸಿ, ಕೊಂಡಿ ಹಾಕಿದಳು. ಹೋಗಿ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೀಳುವ ನೀರಿಗೆ ಬೆರಳು ಒಡ್ಡಿದಳು.

ರಾಯರು ಮೈಕಿನಲ್ಲಿ ಎಂದಿನ ಮಾತು ಶುರು ಮಾಡಿದರು. ಈ ಸಲ ಒಳ ಅಂಗಿಯ ಮಾತನ್ನು ಬೇಗ ಮುಗಿಸಲಿಲ್ಲ. ಮಕ್ಕಳನ್ನು ಸಾಲಾಗಿ ಕರೆದು, ಒಂದು ಕೈಯಿಂದ ಚೊಂಬಿನಲ್ಲಿ ಹಿಡಿದಿಟ್ಟ ಗಡಿಗೆಯ ನೀರು, ಇನ್ನೊಂದು ಕೈಯಿಂದ ಬಕೆಟ್ಟಿಗೆ ಬೀಳುವ ನೀರು ಮುಟ್ಟಿಸಿದರು. "ಇದು ತಣ್ಗದೆ! ಇದು ಬೆಚ್ಗದೆ!" ಎಂದು ಒಬ್ಬರಿಗೊಬ್ಬರು ಕೂಗಿ ಹೇಳಿದರು. ಆ ಬೆಚ್ಚಗೆ ಎಲ್ಲಿಂದ ಬಂತು ಎಂದರೆ ಎಲ್ಲರೂ ಚಲುವೇಗೌಡನ ಕಡೆ ಬೆರಳು ತೋರಿಸಿದರು. ಅಷ್ಟು ಚೆನ್ನಾಗಿ ಯಾವ ಪಾಠವೂ ಮಕ್ಕಳ ಬೆರಳಿಗೆ ಹತ್ತಿದ್ದನ್ನು ನಾನು ಮತ್ತೆ ನೋಡಿಲ್ಲ.

"ಹೇಗಿದ್ದಾನಮ್ಮ?" ಎಂದು ರಾಯರು ಮೈಕು ಮುಚ್ಚಿ ಕೇಳಿದರು.

"ಉಗುರ್ಬೆಚ್ಗೆ ಅವ್ನೆ" ಎಂದಳು ಸಾಕಮ್ಮ.

ಆಗ ಚಲುವೇಗೌಡ ಎಡಗೈ ಎತ್ತಿದ.

ರಾಯರು ಮೈಕು ಕೆಳಗಿಟ್ಟರು. ನನ್ನ ಕಣ್ಣ ಮುಂದೆ ಆ ಗಾಜಿನ ಪೆಟ್ಟಿಗೆ ಬಂತು. ಅಷ್ಟರಲ್ಲಿ ಸಾಕಮ್ಮ ಎದ್ದು, ಕೊಂಡಿ ಬಿಚ್ಚಿ, ಶಿರಸ್ತ್ರಾಣ ಎತ್ತಿಯಾಗಿತ್ತು. ಒಳಗಿನ ಮುಖ ತಣ್ಣಗಿತ್ತು, ಬೆವರಿರಲಿಲ್ಲ. ಉಸಿರೂ ಸರಿಯಾಗಿತ್ತು.

"ಏನಾಯ್ತು? ಯೋಳು!"

ಅವನು ಸಂಕೋಚದಿಂದ ಜನರ ಕಡೆ ನೋಡಿದ. "ಮೂಗು ತುರುಸ್ತು ಕಣೆ."

ಸಾಕಮ್ಮ, ಅಷ್ಟೂ ಜನರ ಮುಂದೆ, ತನ್ನ ಒದ್ದೆ ಬೆರಳಿನಿಂದ ಗಂಡನ ಮೂಗನ್ನು ಬಲವಾಗಿ ತುರಿಸಿದಳು. "ಆಯ್ತಾ?" "ಇನ್ನೊಸಿ ಮ್ಯಾಕೆ." ಅಲ್ಲೂ ತುರಿಸಿದಳು. ಶಿರಸ್ತ್ರಾಣವನ್ನು ಮತ್ತೆ ಕೂರಿಸಿ, ಕೊಂಡಿ ಹಾಕಿ, ಮೇಲೊಂದು ಏಟು ಕೊಟ್ಟು, "ನಿಂತ್ಕೊ" ಎಂದಳು. ಮೈದಾನವೆಲ್ಲ ನಕ್ಕು ಚಪ್ಪಾಳೆ ಹೊಡೆಯಿತು.

ರಾಯರು ಮೈಕು ತೆಗೆದುಕೊಂಡರು. "ಚಂದ್ರನ ಮೇಲೆ ಮಾತ್ರ ಇದು ಆಗೋದಿಲ್ಲ ಮಕ್ಕಳೇ. ಅಲ್ಲಿ ಮೂಗು ತುರಿಸಿದರೆ ಸಹಿಸ್ಕೋಬೇಕು. ಎಷ್ಟೇ ಹೊತ್ತಾದರೂ."

"ಅಯ್ಯೋ ಪಾಪ" ಎಂದಿತು ಗುಂಪಿನ ನಡುವಿನಿಂದ ಒಂದು ಅಜ್ಜಿಯ ದನಿ. "ಅವ್ರ ಎಂಡ್ರು ಎಲ್ಲಿದ್ರು?"

ರಾಯರು ಕಾಲ ಕೆಳಗಿನ ಮಣ್ಣನ್ನು ತೋರಿಸಿದರು. "ಇಲ್ಲಿದ್ರು, ಅಜ್ಜಿ. ಇಲ್ಲಿಂದ ಮೇಲಕ್ಕೆ ನೋಡ್ಕೊಂಡು."

ನಗುತ್ತಿದ್ದವರಲ್ಲಿ ಎಷ್ಟೋ ಜನ ಆ ಹಗಲು ಆಕಾಶವನ್ನು ನೋಡಿದರು. ರಾಯರು ಮೈಕು ಮುಚ್ಚಿ ನನ್ನ ಕಡೆ ಬಾಗಿ, "ಆ ಗಾಜಿನ ಪೆಟ್ಟಿಗೆ ಬಂದರೆ ಹಾವಿನ ಪೊರೆ ಇಡೋಣಮ್ಮ" ಎಂದರು.

ಸಾಕಮ್ಮ ಮೇಲೆ ನೋಡಲಿಲ್ಲ. ಬಕೆಟ್ಟಿನ ಹತ್ತಿರ ಹೋಗಿ ಕೂತು, ಬೀಳುವ ನೀರಿಗೆ ಮತ್ತೆ ಬೆರಳು ಒಡ್ಡಿದಳು.